ಐದು ತಿಂಗಳ ಬಸುರಿ: ಡಾಕ್ಟರ್ ವಾಕ್ ಮಾಡು ಅಂತಾರೆ, ಅತ್ತೆ ಹೊಸ್ತಿಲು ದಾಟಬೇಡ ಅಂತಾರೆ

ರಾಯಚೂರ್_ಸೊಸೆ:

ಎಲ್ಲರಿಗೂ ನಮಸ್ಕಾರ. ತವರು ಮಾನ್ವಿ, ಮದುವೆಯಾಗಿ ರಾಯಚೂರಿಗೆ ಬಂದು ಎರಡು ವರ್ಷ. ಮೊದಲ ಬಸಿರು, ಐದನೇ ತಿಂಗಳು ನಡೆಯುತ್ತಿದೆ. ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಬೆಳಿಗ್ಗೆ ಹತ್ತಕ್ಕೆ ಕೂತರೆ ಸಂಜೆ ಆರರವರೆಗೆ ಏಳುವುದು ಊಟಕ್ಕೆ, ಬಾತ್‌ರೂಮಿಗೆ ಅಷ್ಟೇ. ಸೊಂಟ ಈಗಲೇ ಹಿಡಿದುಕೊಂಡಿದೆ, ಸಂಜೆಯಾದರೆ ಪಾದ ಊದುತ್ತವೆ.

ಹೋದ ವಾರ ತೋರಿಸಲು ಹೋದಾಗ ಡಾಕ್ಟರ್ "ಚೆನ್ನಾಗಿ ವಾಕ್ ಮಾಡಮ್ಮ" ಅಂದರು. ಎಷ್ಟು ಹೊತ್ತು, ಯಾವಾಗ, ಏನಾದರೆ ನಿಲ್ಲಿಸಬೇಕು ಅಂತ ಕೇಳಬೇಕು ಅನ್ನುವಷ್ಟರಲ್ಲಿ ಮುಂದಿನವರ ಹೆಸರು ಕೂಗಿದರು. ಹೊರಗೆ ಅಷ್ಟೊಂದು ಜನ ಕಾಯುತ್ತಿದ್ದರು, ಅವರದೂ ತಪ್ಪಲ್ಲ ಬಿಡಿ.

ಮನೆಗೆ ಬಂದು ಹೇಳಿದರೆ ಅತ್ತೆ, "ಕುಬಸ ಆಗೋತನಕ ಹೊರಗ ಅಡ್ಡಾಡಬ್ಯಾಡ, ಮಂದಿ ಕಣ್ಣ ಬೀಳ್ತಾವ" ಅಂದರು. ಕುಬಸ ಅಂದರೆ ನಮ್ಮ ಕಡೆಯ ಸೀಮಂತ. ಕೈ ಮೇಲೆತ್ತಿ ಬಟ್ಟೆ ಒಣಹಾಕಿದರೆ ಕರುಳಬಳ್ಳಿ ಕೂಸಿನ ಕೊರಳಿಗೆ ಸುತ್ತುತ್ತದಂತೆ. ಹಾಗಂತ ಅವರು ಕೆಟ್ಟವರಲ್ಲ, ನನಗೆ ದಿನಾ ರಾತ್ರಿ ಹಾಲು ಕಾಯಿಸಿ ಕೊಡುವವರು ಅವರೇ. ಆದರೆ ಒಂದು ಮಾತಿಗೆ ನಗು ಬರುತ್ತೆ, ಸಿಟ್ಟೂ ಬರುತ್ತೆ. ಮೂರನೇ ತಿಂಗಳಲ್ಲಿ ವಾಂತಿ ಜಾಸ್ತಿಯಾಗಿದ್ದಾಗ ಅವರು ಗಂಗಾವತಿ ಹತ್ತಿರದ ಅಂಜನಾದ್ರಿ ಬೆಟ್ಟದ ಹನುಮಪ್ಪನಿಗೆ ಹರಕೆ ಹೊತ್ತಿದ್ದಾರೆ, ಸೊಸೆಯನ್ನು ಕರೆತಂದು ಮೆಟ್ಟಿಲು ಹತ್ತಿಸುತ್ತೇನೆ ಅಂತ. 575 ಮೆಟ್ಟಿಲು! ಮನೆ ಮುಂದಿನ ಓಣಿಯಲ್ಲಿ ಎರಡು ಸುತ್ತು ಬೇಡ, ಅಷ್ಟು ಮೆಟ್ಟಿಲು ಮಾತ್ರ ಬೇಕು. ಕೇಳಿದರೆ "ದೇವರ ಕೆಲಸಕ್ಕ ಏನೂ ಆಗಂಗಿಲ್ಲ" ಅಂತಾರೆ.

ಇನ್ನು ಯೂಟ್ಯೂಬ್. ಒಬ್ಬರು ಬಾತುಕೋಳಿ ತರ ಕೂತು ನಡೆದರೆ ನಾರ್ಮಲ್ ಹೆರಿಗೆ ಗ್ಯಾರಂಟಿ ಅಂತಾರೆ, ಇನ್ನೊಬ್ಬರು ಏಳು ತಿಂಗಳವರೆಗೆ ಕಾಲೇ ಅಲ್ಲಾಡಿಸಬೇಡಿ ಅಂತಾರೆ. ನಿಜಕ್ಕೂ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಎಷ್ಟು ನಡೆಯಬೇಕು? ಬಿಸಿಲು ಬೇರೆ ಶುರುವಾಗಿದೆ, ಎಲ್ಲಿ ನಡೆಯಬೇಕು?

ಸಿಂಧನೂರು_ಅಕ್ಕ:

ತಂಗಿ, ನಿನ್ನ ಪೋಸ್ಟ್ ಓದಿ ನನ್ನದೇ ಕಥೆ ಅನ್ನಿಸಿತು. ನನಗೆ ಇಬ್ಬರು ಮಕ್ಕಳು. ದೊಡ್ಡವನ ಸಲ ನಾನು ಒಂಬತ್ತು ತಿಂಗಳೂ ಮಂಚ ಬಿಟ್ಟು ಇಳಿಯಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ನನಗೇ ಹೆದರಿಕೆ. ವಾಕಿಂಗ್ ಒಳ್ಳೆಯದು ಅಂತ ಗೊತ್ತಿತ್ತು, ಓದಿದವಳೇ ನಾನು. ಗೊತ್ತಿದ್ದೂ ಮಾಡಲಿಲ್ಲ. ಏಳನೇ ತಿಂಗಳಿಗೆ ಶುಗರ್ ಬಂತು, ತೂಕ ಸಿಕ್ಕಾಪಟ್ಟೆ ಏರಿತ್ತು.

ಎರಡನೇ ಸಲ ಡಾಕ್ಟರ್ ಮೊದಲೇ ಎಚ್ಚರಿಸಿದ್ದರು. ಆಗ ಮಾಳಿಗೆ ಮೇಲೆ ನಡೆದೆ. ಬೆಳಿಗ್ಗೆ ಐದೂವರೆಗೆ ಎದ್ದು, ಇನ್ನೂ ಪೂರ್ತಿ ಬೆಳಕಾಗುವ ಮೊದಲು. ಓಣಿಯಲ್ಲಿ ನಡೆದರೆ ನಾಯಿ ಕಾಟ, ಮೇಲಾಗಿ ಕಟ್ಟೆ ಮೇಲೆ ಕೂತ ಹೆಂಗಸರು ಎಷ್ಟು ತಿಂಗಳು, ಗಂಡೋ ಹೆಣ್ಣೋ, ಹೊಟ್ಟೆ ಚೂಪಾಗಿದೆಯಲ್ಲ ಅಂತ ವಿಚಾರಣೆ ಮಾಡಿ ಮಾಡಿ ಸಾಕು ಮಾಡುತ್ತಾರೆ. ಮಾಳಿಗೆ ಮೇಲೆ ಆ ಕಾಟವಿಲ್ಲ. ಅತ್ತೆಗೂ ಸಮಾಧಾನ, ಮನೆ ಬಿಟ್ಟು ಹೋಗಿಲ್ಲ, ಯಾರ ಕಣ್ಣೂ ಬಿದ್ದಿಲ್ಲ. ಪ್ಯಾರಪೆಟ್ ಗೋಡೆ ಇದೆಯಾ ನೋಡಿಕೋ, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೋ.

ಎರಡನೇ ಸಲವೂ ಸಿಸೇರಿಯನ್ನೇ ಆಯಿತು, ಅದನ್ನೂ ಹೇಳಿಬಿಡುತ್ತೇನೆ. ನಡೆದರೆ ನಾರ್ಮಲ್ ಗ್ಯಾರಂಟಿ ಅಂತ ಯಾರಾದರೂ ಅಂದರೆ ನಂಬಬೇಡ. ಆದರೆ ಆ ಸಲ ಶುಗರ್ ಬರಲಿಲ್ಲ, ಸೊಂಟ ನೋವೂ ಕಡಿಮೆ ಇತ್ತು.

ಹಳೇ_ಬೇರು:

ಈಗಿನವರಿಗೆ ಎಲ್ಲದಕ್ಕೂ ಒಂದು ಹೆಸರು ಬೇಕು. ನಮ್ಮ ಅವ್ವ ಏಳು ಮಕ್ಕಳನ್ನು ಹೆತ್ತಳು, ಬೀಸುಕಲ್ಲಲ್ಲಿ ಜೋಳ ಬೀಸಿದಳು, ಬಾವಿ ನೀರು ಸೇದಿದಳು, ಯಾವ ವ್ಯಾಯಾಮವನ್ನೂ ಕಲಿಯಲಿಲ್ಲ. ಮನೆ ಕೆಲಸ ಮಾಡಿಕೊಂಡಿರಿ, ಅದೇ ವ್ಯಾಯಾಮ.

ಸಿಂಧನೂರು_ಅಕ್ಕ:

ಅಣ್ಣಾ, ಏಳು ಹೆತ್ತರು ಸರಿ, ಎಷ್ಟು ಉಳಿದವು? ನಮ್ಮ ಅಜ್ಜಿ ಒಂಬತ್ತು ಹೆತ್ತು ಐದನ್ನು ಉಳಿಸಿಕೊಂಡಳು. ಆ ನಾಲ್ಕರ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಬೀಸುಕಲ್ಲು ಈಗ ಎಲ್ಲಿದೆ ಹೇಳಿ. ಜೋಳ ಗಿರಣಿಗೆ ಹೋಗುವುದೂ ಬೈಕ್ ಮೇಲೆಯೇ.

ಫಿಸಿಯೋ_ಬಳ್ಳಾರಿ:

ಫಿಸಿಯೋಥೆರಪಿ ನನ್ನ ಕೆಲಸ, ಬಳ್ಳಾರಿಯಲ್ಲಿದ್ದೇನೆ. ಸ್ವಲ್ಪ ಉದ್ದವಾಗುತ್ತೆ, ಬೇಜಾರಾಗಬೇಡಿ.

ಮೊದಲು ಒಂದು ಕೆಲಸ ಮಾಡಿ. ನಿಮ್ಮ ಫೈಲ್ ತೆಗೆದು ಮೂರು ವಿಷಯ ನೋಡಿ. ರಕ್ತದ ಹಿಮೋಗ್ಲೋಬಿನ್ ಎಷ್ಟಿದೆ, ಬಿಪಿ ಎಷ್ಟಿದೆ, ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಪ್ಲಾಸೆಂಟಾ ಅಂದರೆ ಮಾಸು ಎಲ್ಲಿದೆ ಅಂತ ಬರೆದಿದ್ದಾರೆ. ವಾಕ್ ಮಾಡಿ ಅಂದಿದ್ದಾರೆ ಅಂದರೆ ಬಹುಶಃ ಎಲ್ಲಾ ಸರಿಯಾಗಿಯೇ ಇರುತ್ತೆ. ಆದರೂ ನೋಡಿ. ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇದ್ದರೆ, ಬಸಿರಿನ ಬಿಪಿ ಬಂದಿದ್ದರೆ, ರಕ್ತ ಹೋಗುತ್ತಿದ್ದರೆ, ಗರ್ಭದ ಬಾಯಿಗೆ ಹೊಲಿಗೆ ಹಾಕಿದ್ದರೆ, ನೀರು ಒಡೆದಿದ್ದರೆ, ದಿನ ತುಂಬುವ ಮುಂಚೆಯೇ ನೋವು ಬಂದಿದ್ದರೆ, ಏಳನೇ ತಿಂಗಳ ಮೇಲೂ ಮಾಸು ಗರ್ಭದ ಬಾಯಿಗೆ ಅಡ್ಡ ಇದ್ದರೆ ವ್ಯಾಯಾಮದ ಮಾತು ಬೇರೆ. ಅಂಥವರು ಡಾಕ್ಟರನ್ನು ಕೇಳದೆ ಏನೂ ಶುರು ಮಾಡಬಾರದು.

ಇವು ಯಾವುದೂ ಇಲ್ಲದಿದ್ದರೆ, ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ, ಹದವಾದ ವೇಗದಲ್ಲಿ. ಕೇಳಿದರೆ ಹೆದರಿಕೆಯಾಗುತ್ತೆ, ಅಲ್ವಾ? ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಅದನ್ನೂ ಹತ್ತು ಹತ್ತು ನಿಮಿಷದ ಮೂರು ತುಂಡು ಮಾಡಬಹುದು. ನೀವು ಇಲ್ಲಿವರೆಗೆ ಏನೂ ಮಾಡಿಲ್ಲ, ಹಾಗಾಗಿ ಮೊದಲ ವಾರ ದಿನಕ್ಕೆ ಹತ್ತೇ ನಿಮಿಷ ಸಾಕು. ಹದವಾದ ವೇಗ ಅಂದರೆ ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಮಾತಿನ ನಡುವೆ ಏದುಸಿರು ಬಂದರೆ ನಿಧಾನ ಮಾಡಿ. ಇದಕ್ಕೆ ವಾಚ್ ಬೇಡ, ಆ್ಯಪ್ ಬೇಡ.

ಊಟವಾದ ಮೇಲಿನ ಹತ್ತು ನಿಮಿಷಕ್ಕೆ ಬೆಲೆ ಜಾಸ್ತಿ. ಸಿಂಧನೂರು ಅಕ್ಕ ಶುಗರ್ ಅಂದರಲ್ಲ, ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಆಫೀಸಿನಲ್ಲಿ ಊಟದ ಡಬ್ಬಿ ಮುಚ್ಚಿದ ಕೂಡಲೇ ಕುರ್ಚಿಗೆ ಬರಬೇಡಿ, ವರಾಂಡದಲ್ಲಿ ನಡೆಯಿರಿ. ಗಂಟೆಗೊಮ್ಮೆ ಎದ್ದು ನಿಲ್ಲಿ. ಪಾದ ಊದುವುದಕ್ಕೂ ಅದರಿಂದ ಸ್ವಲ್ಪ ಆರಾಮ ಸಿಗುತ್ತೆ. ಆದರೆ ಮುಖ, ಕೈ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ ಅದು ಬಿಪಿ ಲಕ್ಷಣ ಇರಬಹುದು, ಅವತ್ತೇ ತೋರಿಸಿ.

ಈಗ ಕರುಳಬಳ್ಳಿ. ಕೂಸು ನೀರಿನಲ್ಲಿ ತಾನೇ ತಿರುಗುತ್ತಿರುತ್ತೆ, ತಿರುಗುವಾಗ ಬಳ್ಳಿ ಸುತ್ತಿಕೊಳ್ಳುವುದುಂಟು, ಎಷ್ಟೋ ಮಕ್ಕಳು ಹಾಗೇ ಹುಟ್ಟಿ ಚೆನ್ನಾಗಿರುತ್ತವೆ. ನಿಮ್ಮ ಕೈಗೂ ಅದಕ್ಕೂ ಸಂಬಂಧವಿಲ್ಲ. ನಾಲ್ಕನೇ ತಿಂಗಳಿನಿಂದ ಬಿಡಬೇಕಾದದ್ದು ಅಂಗಾತ ಮಲಗಿ ಮಾಡುವ ವ್ಯಾಯಾಮ. ಗರ್ಭದ ಭಾರ ಬೆನ್ನಿನ ಕಡೆ ಇರುವ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತುತ್ತೆ. ಎಡಕ್ಕೋ ಬಲಕ್ಕೋ ಮಗ್ಗುಲಾಗಿ.

ಬಾತುಕೋಳಿ ನಡಿಗೆಯ ವೀಡಿಯೋ ನಾನೂ ನೋಡಿದ್ದೇನೆ. ಕುಕ್ಕರಗಾಲಲ್ಲಿ ಕೂರುವುದು ನಮ್ಮವರಿಗೆ ಹೊಸದೇನಲ್ಲ, ಅಭ್ಯಾಸ ಇದ್ದವರು ಗೋಡೆ ಅಥವಾ ಕಿಟಕಿ ಸರಳು ಹಿಡಿದು ನಿಧಾನ ಕೂತು ಏಳಬಹುದು. ಕೂತೇ ನಡೆಯುವುದು ಯಾತಕ್ಕೆ? ಬಸಿರಿನಲ್ಲಿ ಕೀಲುಗಳು ಸಡಿಲಾಗಿರುತ್ತವೆ, ಹೊಟ್ಟೆ ಮುಂದೆ ಬಂದು ತೂಕ ತಪ್ಪುತ್ತೆ. ಬಿದ್ದರೆ ಆ ವೀಡಿಯೋದವರು ಬರುವುದಿಲ್ಲ.

ಅಂಜನಾದ್ರಿಯೂ ಅದೇ ಲೆಕ್ಕ. ಮನೆಯ ಹತ್ತು ಮೆಟ್ಟಿಲು ಹತ್ತಿ ಇಳಿಯುವುದಕ್ಕೆ ತೊಂದರೆ ಇಲ್ಲ. ದಿನಾ ಕುರ್ಚಿಯಲ್ಲಿ ಕೂರುವವರು ಒಮ್ಮೆಲೇ 575 ಹತ್ತುವುದು, ಅದೂ ಶನಿವಾರದ ಜನಜಂಗುಳಿಯಲ್ಲಿ, ಬಂಡೆ ಕಾದಿರುವಾಗ, ಬೇಡವೇ ಬೇಡ.

ಕೊನೆಯದು ಯಾರೂ ಮಾತಾಡದ ವ್ಯಾಯಾಮ. ಮೂತ್ರ ತಡೆಯುವಾಗ ಹೇಗೆ ಒಳಗೆ ಬಿಗಿ ಹಿಡಿಯುತ್ತೇವೋ ಹಾಗೆ ಐದು ಎಣಿಸುವವರೆಗೆ ಹಿಡಿದು ಬಿಡುವುದು, ಹತ್ತು ಸಲ, ದಿನಕ್ಕೆ ಮೂರು ಬಾರಿ. ಕೆಗೆಲ್ ಅಂತಾರೆ. ಮೂತ್ರ ಮಾಡುತ್ತಿರುವಾಗ ಮಾತ್ರ ಮಾಡಬೇಡಿ. ಕಂಪ್ಯೂಟರ್ ಮುಂದೆ ಕೂತೇ ಮಾಡಬಹುದು, ಪಕ್ಕದವರಿಗೂ ಗೊತ್ತಾಗಲ್ಲ. ಹೆರಿಗೆಯಾದ ಮೇಲೆ ಕೆಮ್ಮಿದರೆ ಮೂತ್ರ ಜಾರುತ್ತೆ ಅಂತ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರಿಗೆ ಬಸಿರಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ನಾಚಿಕೆಯಿಂದ ವರ್ಷಗಟ್ಟಲೆ ಸುಮ್ನೆ ಇದ್ದು ಆಮೇಲೆ ಬರುತ್ತಾರೆ.

ನಡೆಯುವಾಗ ರಕ್ತ ಕಂಡರೆ, ನೀರು ಹೋದರೆ, ಹೊಟ್ಟೆ ಬಿಟ್ಟು ಬಿಟ್ಟು ಬಿಗಿಯಾಗಿ ನೋವು ಬಂದರೆ, ಎದೆ ನೋವು, ತಲೆ ಸುತ್ತು, ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ ನಿಲ್ಲಿಸಿ ನೇರ ಆಸ್ಪತ್ರೆಗೆ. ನಾಳೆ ನೋಡೋಣ ಅನ್ನಬೇಡಿ.

ಭತ್ತದ_ನಾಡು:

ಗಂಗಾವತಿ ಹತ್ತಿರದ ಹಳ್ಳಿಯವನು, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಸೊಸೆಯಮ್ಮ ಎಲ್ಲಿ ನಡೆಯಲಿ ಅಂತ ಕೇಳುತ್ತಿದ್ದಾರೆ. ನಮ್ಮ ಕಡೆ ನಾಟಿ ಹಚ್ಚುವ ಹೆಣ್ಣುಮಕ್ಕಳು ಎಲ್ಲಿ ಕೂರಲಿ ಅಂತ ಕೇಳಬೇಕು. ನನ್ನ ಅಕ್ಕ ಏಳನೇ ತಿಂಗಳವರೆಗೆ ಗದ್ದೆಗೆ ಹೋದಳು. ಮೊಣಕಾಲುದ್ದ ಕೆಸರು, ಬೆಳಿಗ್ಗೆಯಿಂದ ಬಾಗಿದ ಸೊಂಟ, ನೆತ್ತಿ ಮೇಲೆ ಬಿಸಿಲು. ಅವಳಿಗೂ ಆಸ್ಪತ್ರೆಯಲ್ಲಿ ಚೆನ್ನಾಗಿ ಓಡಾಡಮ್ಮ ಅಂತಲೇ ಹೇಳಿದ್ದರು! ಹೊರಗೆ ಬಂದು ಇಬ್ಬರೂ ನಕ್ಕೆವು. ಹಳೇ ಬೇರು ಅವರು ಹೇಳಿದ ಹಾಗೆ ಕೆಲಸವೇ ವ್ಯಾಯಾಮವಾದರೆ ನಮ್ಮ ಅಕ್ಕ ಒಲಿಂಪಿಕ್ಸಿಗೆ ಹೋಗಬೇಕಿತ್ತು. ಮಗು ತೂಕ ಕಡಿಮೆ ಹುಟ್ಟಿತು. ಈಗ ಚೆನ್ನಾಗಿದೆ.

ಫಿಸಿಯೋ_ಬಳ್ಳಾರಿ:

ನೀವು ಹೇಳಿದ್ದು ಸರಿ. ಮಗು ತೂಕ ಕಡಿಮೆಯಾಗಲು ಹತ್ತು ಕಾರಣ ಇರಬಹುದು, ಅದನ್ನು ಇಲ್ಲಿಂದ ಹೇಳಲು ಬರುವುದಿಲ್ಲ. ಆದರೆ ಗಂಟೆಗಟ್ಟಲೆ ಬಾಗುವುದು, ಭಾರ ಎತ್ತುವುದು, ಬಿಸಿಲಿನಲ್ಲಿ ನಿಲ್ಲುವುದು ವ್ಯಾಯಾಮವಲ್ಲ. ವ್ಯಾಯಾಮದಲ್ಲಿ ಸಾಕು ಅನಿಸಿದಾಗ ನಿಲ್ಲಿಸಬಹುದು. ಕೂಲಿಯಲ್ಲಿ ಮೇಸ್ತ್ರಿ ಹೇಳಿದಾಗ ಮಾತ್ರ. ಅಂಥವರಿಗೆ ನಾನು ಹೇಳುವುದು ಮಧ್ಯಾಹ್ನದ ಹೊತ್ತು ನೆರಳು, ನೀರು, ಮಗ್ಗುಲಾಗಿ ಅರ್ಧ ಗಂಟೆ ಮಲಗುವುದು, ಆಮೇಲೆ ಆ ಕೆಗೆಲ್ ಒಂದು. ಇನ್ನಷ್ಟು ನಡೆಯಿರಿ ಅಂತ ಹೇಳುವುದಿಲ್ಲ.

ಆಶಾ_ಲಿಂಗಸುಗೂರು:

ಹನ್ನೊಂದು ವರ್ಷದಿಂದ ಆಶಾ ಕೆಲಸ ಮಾಡುತ್ತಿದ್ದೇನೆ. ನಾವು ಮನೆಮನೆಗೆ ಹೋದಾಗ ಬಸುರಿಯರಿಗೆ ಮಾತ್ರೆ ಹೇಳುತ್ತೇವೆ, ಟಿಡಿ (ಮೊದಲು ಟಿಟಿ ಅಂತಿದ್ದರು) ಇಂಜೆಕ್ಷನ್ ಹೇಳುತ್ತೇವೆ, ಹೆರಿಗೆ ಆಸ್ಪತ್ರೆಯಲ್ಲೇ ಮಾಡಿಸಿಕೊಳ್ಳಿ ಅಂತ ಹೇಳುತ್ತೇವೆ. ವ್ಯಾಯಾಮದ ಬಗ್ಗೆ ಒಂದು ಸಾಲು ಹೇಳಿ ಮುಂದಿನ ಮನೆಗೆ ಹೋಗುತ್ತೇವೆ, ನಿಜ ಒಪ್ಪಿಕೊಳ್ಳುತ್ತೇನೆ. ಕೇಳಿದರೆ ಎಲ್ಲರೂ "ಹೂಂ ಅಕ್ಕಾ, ಅಡ್ಡಾಡಬೇಕು" ಅಂತಾರೆ. ಮುಂದಿನ ಸಲ ಹೋದರೆ ಅದೇ ಚಾಪೆ, ಅದೇ ಟಿವಿ.

ಅದಕ್ಕೆ ನಾನೊಂದು ದಾರಿ ಹುಡುಕಿಕೊಂಡಿದ್ದೇನೆ. ಅಂಗನವಾಡಿಯಲ್ಲಿ ಮಾತೃಪೂರ್ಣ ಊಟ ಇದೆಯಲ್ಲ, 2017ರಿಂದ ಇದೆ, ಬಸುರಿಯರಿಗೂ ಬಾಣಂತಿಯರಿಗೂ ಬಿಸಿ ಊಟ, ಮೊಟ್ಟೆ, ಹಾಲು, ಚಿಕ್ಕಿ. ಸೊಸೆ ವಾಕಿಂಗ್‌ಗೆ ಹೋಗುತ್ತೇನೆ ಅಂದರೆ ಮುಖ ಗಂಟು ಹಾಕುವ ಅತ್ತೆ, ಅಂಗನವಾಡಿಗೆ ಊಟಕ್ಕೆ ಹೋಗುತ್ತೇನೆ ಅಂದರೆ ತಾನೇ ಕೊಡೆ ಕೊಟ್ಟು ಕಳಿಸುತ್ತಾಳೆ. ಹೋಗಿ ಬರುವುದೇ ಎಷ್ಟೋ ಜನರಿಗೆ ದಿನದ ನಡಿಗೆ. ಬೇಸಿಗೆಯಲ್ಲಿ ಮಾತ್ರ ಹುಷಾರು, ಏಪ್ರಿಲ್, ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತೆ, ಆಗ ನೆರಳು ಹಿಡಿದು ಹೋಗಬೇಕು.

ಇನ್ನೊಂದು. ವಾಕಿಂಗ್‌ಗಿಂತ ಮೊದಲು ರಕ್ತ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತ ಕಡಿಮೆ ಅಂತ ಬಂದಿದೆ. ನಾಲ್ಕು ಹೆಜ್ಜೆಗೆ ದಮ್ಮು ಬರುತ್ತೆ ಅನ್ನುವವಳಿಗೆ ನಾನು ಸೋಮಾರಿ ಅನ್ನುವುದಿಲ್ಲ, ತಾಯಿ ಕಾರ್ಡ್ ತೆಗೆದು ಹಿಮೋಗ್ಲೋಬಿನ್ ನೋಡುತ್ತೇನೆ. 11ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ ಅಂತಲೇ ಲೆಕ್ಕ. ರಕ್ತಕ್ಕೆ ಕೊಡುವ ಆ ಕೆಂಪು ಕಬ್ಬಿಣಾಂಶದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ, ಕ್ಯಾಲ್ಸಿಯಂ ಮಾತ್ರೆ ಜೊತೆಗೂ ಬೇಡ, ನಿಂಬೆಹಣ್ಣಿನ ನೀರಿನ ಜೊತೆ ಒಳ್ಳೆಯದು. ಮಲ ಕಪ್ಪಾಗುತ್ತೆ, ಅದಕ್ಕೆ ಹೆದರಿ ಮಾತ್ರೆಯನ್ನು ತಿಪ್ಪೆಗೆ ಎಸೆಯುವವರು ಎಷ್ಟು ಜನ ಅಂತೀರಿ.

ಡಾಕ್ಟರ್ ಹತ್ತಿರ ಕೇಳಲು ಟೈಮ್ ಸಿಗಲಿಲ್ಲ ಅಂದಿರಲ್ಲ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರದೇ ತಪಾಸಣೆ ಇರುತ್ತೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಚೀಟಿ ಕೈಯಲ್ಲಿದ್ದರೆ ಅವರೂ ಓದಿ ಉತ್ತರ ಹೇಳುತ್ತಾರೆ.

ಕೊಪ್ಪಳದ_ಗಂಡ:

ಹೆಸರು ನೋಡಿ ನಗಬೇಡಿ. ನನ್ನ ಹೆಂಡತಿಗೆ ಈಗ ಎಂಟು ತಿಂಗಳು. ನಮ್ಮ ಮನೆಯಲ್ಲಿ ಅಡ್ಡಿ ಅವ್ವನದಲ್ಲ, ನನ್ನದೇ ಇತ್ತು. ಅವಳು ಕರೆದಾಗಲೆಲ್ಲ ನಾಳೆ ಅಂತಿದ್ದೆ, ಒಬ್ಬಳೇ ಹೋಗು ಅಂದರೆ ಹೋಗುತ್ತಿರಲಿಲ್ಲ. ಒಬ್ಬಳೇ ಬಸುರಿ ಹೆಂಗಸು ನಸುಕಿನಲ್ಲಿ ನಡೆದರೆ ಜನ ನೋಡುವ ರೀತಿಯೇ ಬೇರೆ ಅಂತ ಆಮೇಲೆ ತಿಳಿಯಿತು. ಈಗ ದಿನಾ ಬೆಳಿಗ್ಗೆ ಗವಿಮಠದ ಕಡೆ ಇಬ್ಬರೂ ಹೋಗುತ್ತೇವೆ. ಮಠಕ್ಕೆ ಅಂದರೆ ಯಾರೂ ಏನೂ ಕೇಳುವುದಿಲ್ಲ ನೋಡಿ! ಅವಳು ನಡೆಯುತ್ತಾ ಮಾತಾಡುತ್ತಾಳೆ, ನನಗೆ ಏದುಸಿರು. ಫಿಸಿಯೋ ಮೇಡಂ ಹೇಳಿದ ಪರೀಕ್ಷೆಯಲ್ಲಿ ನಾನೇ ಫೇಲ್.

ಅಂಜನಾದ್ರಿಗೆ ನನ್ನ ಸಲಹೆ: ಹರಕೆ ಗಂಡನ ಕಾಲಲ್ಲಿ ತೀರಿಸಿ.

ಹಳೇ_ಬೇರು:

ಸಿಂಧನೂರು ಅಕ್ಕೋರೆ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಅವ್ವ ಹೆತ್ತ ಏಳರಲ್ಲಿ ನಾವು ಉಳಿದವರು ನಾಲ್ಕು ಜನ. ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ರಾಯಚೂರ್_ಸೊಸೆ:

ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡಿ.

ಫಿಸಿಯೋ ಮೇಡಂ ಹೇಳಿದ ಹಾಗೆ ಅವತ್ತು ರಾತ್ರಿಯೇ ಫೈಲ್ ತೆಗೆದೆ. ಹಿಮೋಗ್ಲೋಬಿನ್ 10.2. ಬಿಪಿ ಸರಿ ಇದೆ. ಸ್ಕ್ಯಾನಿಂಗ್ ರಿಪೋರ್ಟಿನ ಕೆಳಗೆ ಒಂದು ಸಾಲಿತ್ತು, ಪ್ಲಾಸೆಂಟಾ ಲೋ ಲೈಯಿಂಗ್ ಅಂತ. ನನಗೆ ಯಾರೂ ಹೇಳಿರಲಿಲ್ಲ, ನಾನೂ ಮಗುವಿನ ಫೋಟೋ ನೋಡಿ ರಿಪೋರ್ಟ್ ಮಡಚಿ ಇಟ್ಟಿದ್ದೆ. ಕೈಕಾಲು ತಣ್ಣಗಾದವು. ಮರುದಿನ ಅರ್ಧ ದಿನ ರಜೆ ಹಾಕಿ, ಚೀಟಿ ಬರೆದುಕೊಂಡು ಹೋದೆ. ಆಶಾ ಅಕ್ಕ ಹೇಳಿದ್ದು ನಿಜ, ಚೀಟಿ ನೋಡಿ ಡಾಕ್ಟರ್ ಕುರ್ಚಿ ಮುಂದೆ ಎಳೆದುಕೊಂಡು ಕೂತರು.

ಈ ತಿಂಗಳಲ್ಲಿ ಮಾಸು ಕೆಳಗೆ ಇರುವುದು ಎಷ್ಟೋ ಜನರಲ್ಲಿ ಕಾಣುತ್ತೆ, ಗರ್ಭ ಬೆಳೆದಂತೆ ಮೇಲೆ ಸರಿಯುವುದೇ ಜಾಸ್ತಿ, 32 ವಾರಕ್ಕೆ ಮತ್ತೆ ಸ್ಕ್ಯಾನ್ ಮಾಡೋಣ ಅಂದರು. ರಕ್ತ ಹೋಗಿಲ್ಲವಾದ್ದರಿಂದ ನನಗೆ ಸಮತಟ್ಟು ಜಾಗದಲ್ಲಿ ನಿಧಾನ ನಡಿಗೆಗೆ ಒಪ್ಪಿಗೆ ಕೊಟ್ಟರು. ಕೂತು ಏಳುವ ವ್ಯಾಯಾಮ, ಭಾರ ಎತ್ತುವುದು ಸದ್ಯಕ್ಕೆ ಬೇಡ. ಒಂದು ಹನಿ ರಕ್ತ ಕಂಡರೂ ಬರಬೇಕು. ಆ ಬಾತುಕೋಳಿ ವೀಡಿಯೋ ನೋಡಿ ಎರಡು ದಿನ ಪ್ರಯತ್ನ ಮಾಡಿದ್ದೆ ಅಂತ ಇಲ್ಲಿ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಮಾಳಿಗೆ ಮೇಲೆ ಬೆಳಿಗ್ಗೆ ಹದಿನೈದು ನಿಮಿಷ, ಊಟವಾದ ಮೇಲೆ ಆಫೀಸಿನ ವರಾಂಡದಲ್ಲಿ ಹತ್ತು. ವಾರಕ್ಕೆ ಐದು ದಿನ ಅಂದುಕೊಂಡದ್ದು, ಆಗಿದ್ದು ಮೂರೋ ನಾಲ್ಕೋ. ಸೊಂಟ ಇನ್ನೂ ನೋಯುತ್ತೆ, ಮೊದಲಿನಷ್ಟು ಇಲ್ಲ. ಅತ್ತೆ ಮೊದಲ ದಿನ ಮಾಳಿಗೆ ಬಾಗಿಲಲ್ಲಿ ನಿಂತು ಸುಮ್ನೆ ನೋಡಿದರು. ಎರಡನೇ ದಿನ ಮೆಣಸಿನಕಾಯಿ ಒಣಹಾಕುವ ನೆಪದಲ್ಲಿ ಬಂದರು. ನಮ್ಮ ಮನೆಯಲ್ಲಿ ಈ ವರ್ಷ ಅಷ್ಟೊಂದು ಮೆಣಸಿನಕಾಯಿಯೇ ಇಲ್ಲ. ಕೈ ಮೇಲೆತ್ತುವ ವಿಷಯದಲ್ಲಿ ಮಾತ್ರ ಅವರು ಬದಲಾಗಿಲ್ಲ, ಬಟ್ಟೆ ಅವರೇ ಒಣಹಾಕುತ್ತಾರೆ. ಇರಲಿ ಬಿಡಿ, ನನಗೇ ಲಾಭ.

ಹರಕೆಯ ಮಾತು ಎತ್ತಿದಾಗ ಡಾಕ್ಟರ್ ಬರೆದ ಚೀಟಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಅವನs ಹೋಗಿ ಬರಲಿ, ಕೂಸು ಹುಟ್ಟಿದ ಮ್ಯಾಲ ನೀ ಹೋಗೀಯಂತ" ಅಂದರು. ಈ ಶನಿವಾರ ನಮ್ಮ ಮನೆಯವರು ಅಂಜನಾದ್ರಿಗೆ ಹೊರಟಿದ್ದಾರೆ. ಕೊಪ್ಪಳದ ಅಣ್ಣಾ, ಅವರಿಗೂ ನಿಮ್ಮ ತರಹವೇ ಏದುಸಿರು. ತೆಂಗಿನಕಾಯಿ ಕಟ್ಟಿಟ್ಟಾಗಿದೆ.